ಗಾಲಿಕುರ್ಚಿ ಮನೆಗೆ ಬಂದಾಗ

ಬೆನ್ನುಹುರಿಗೆ ಪೆಟ್ಟು ಬಿದ್ದವರನ್ನು ಆಸ್ಪತ್ರೆಯಿಂದ ಕರೆತರುವ ದಿನ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಒಂದೇ ಕತೆ. ಜಗಲಿಯ ಮೆಟ್ಟಿಲ ಬಳಿ ನಾಲ್ಕು ಜನ ಸೇರಿ ಕುರ್ಚಿ ಸಮೇತ ಎತ್ತುತ್ತಾರೆ. ಹೊಸ್ತಿಲಿನಲ್ಲಿ ಇನ್ನೊಮ್ಮೆ ಎತ್ತುತ್ತಾರೆ. ಬಚ್ಚಲಿಗೆ ಹೋಗೋಣವೆಂದರೆ ಬಾಗಿಲಲ್ಲಿ ಕುರ್ಚಿ ಹಿಡಿಸುವುದೇ ಇಲ್ಲ. ಅಂದಿನಿಂದ ಮಂಚವೇ ಬಚ್ಚಲು, ಅದೇ ಕಕ್ಕಸು, ಅದೇ ಊಟದ ಜಾಗ. ಅಡಿಕೆ ಮರದಿಂದ ಬಿದ್ದ ಕೊನೆಗಾರ, ಬೈಕ್ ಅಪಘಾತವಾದ ಹುಡುಗ, ಬೆನ್ನುಮೂಳೆಯ ಕ್ಷಯದಿಂದ ಕಾಲಿನ ಬಲ ಹೋದ ಗೃಹಿಣಿ, ಹೀಗೆ ಕಾರಣ ಯಾವುದಿದ್ದರೂ ಮನೆಯೊಳಗಿನ ಕಷ್ಟ ಇದೇ.

ಇದಕ್ಕೆ ಲಕ್ಷಗಟ್ಟಲೆ ಖರ್ಚು ಮಾಡಿ ಮನೆ ಒಡೆದು ಕಟ್ಟಬೇಕಿಲ್ಲ. ಅಳತೆ ಗೊತ್ತಿರುವ ಗಾರೆಯವರು, ಒಬ್ಬ ವೆಲ್ಡಿಂಗ್ ಕೆಲಸದವರು, ಸ್ವಲ್ಪ ತಾಳ್ಮೆ ಇದ್ದರೆ ಮುಕ್ಕಾಲು ಪಾಲು ಕೆಲಸ ಮುಗಿಯುತ್ತದೆ. ಅದರ ಜೊತೆಗೆ ದೇಹ ಮನಸ್ಸುಗಳನ್ನು ಸಡಿಲಿಸುವ ಕೆಲವು ಅಭ್ಯಾಸಗಳನ್ನೂ ಇಲ್ಲಿ ಹೇಳುತ್ತೇನೆ. ಎರಡನ್ನೂ ಒಂದೇ ಲೇಖನದಲ್ಲಿ ಸೇರಿಸಿದ್ದಕ್ಕೆ ಕಾರಣವಿದೆ. ಜಾರುವ ನೆಲ, ಇಕ್ಕಟ್ಟಾದ ಬಾಗಿಲು, ಎತ್ತುವವರ ಅವಸರ ಇವೆಲ್ಲ ದಿನವಿಡೀ ದೇಹವನ್ನು ಬಿಗಿಹಿಡಿಸುತ್ತವೆ. ಕಾಲಿನ ಸೆಟೆತ ಹೆಚ್ಚಾಗುತ್ತದೆ. ಬೀಳುವ ಭಯ ಹೋಗದ ಮನೆಯಲ್ಲಿ ಶವಾಸನ ಹೇಳಿಕೊಟ್ಟು ಹೆಚ್ಚು ಪ್ರಯೋಜನವಿಲ್ಲ.

ಎರಡನೇ ಮಹಾಯುದ್ಧಕ್ಕೆ ಮುಂಚೆ ಬೆನ್ನುಹುರಿ ತುಂಡಾದವರು ಬಹುಪಾಲು ಒಂದೆರಡು ವರ್ಷದೊಳಗೆ ಹಾಸಿಗೆ ಹುಣ್ಣಿನಿಂದಲೋ ಮೂತ್ರದ ಸೋಂಕಿನಿಂದಲೋ ಸಾಯುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಶಿಸ್ತು ತಂದರು. ಸ್ಥಿತಿ ಬದಲಾಗತೊಡಗಿದ್ದು ಅಲ್ಲಿಂದ. ನಮ್ಮ ಕಡೆ ವೆಲ್ಲೂರಿನ ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ತಾವೇ ಕಾಲಿನ ಸ್ವಾಧೀನ ಕಳೆದುಕೊಂಡು, ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿದವರು. 1966ರಲ್ಲಿ ಅಲ್ಲಿ ಪುನರ್ವಸತಿ ಸಂಸ್ಥೆ ಶುರುವಾದದ್ದರ ಹಿಂದೆ ಅವರ ದುಡಿಮೆಯಿದೆ.

ಮೊದಲು ಅಳತೆ, ಆಮೇಲೆ ಸಿಮೆಂಟು

ಮನೆಗೆ ಬಂದ ಮೊದಲ ವಾರವೇ ಗೋಡೆ ಒಡೆಸಲು ಹೋಗಬೇಡಿ. ಯಾವ ಕುರ್ಚಿ ಬಳಸುತ್ತಾರೆ, ಅದರ ಮೇಲೆ ಎಷ್ಟು ದಪ್ಪದ ಮೆತ್ತೆ ಇರುತ್ತದೆ, ಕೈಗಳಲ್ಲಿ ಎಷ್ಟು ಬಲವಿದೆ ಎಂಬುದು ತಿಳಿಯಬೇಕು. ಕತ್ತಿನ ಭಾಗದಲ್ಲಿ ಹುರಿಗೆ ಪೆಟ್ಟಾದವರಿಗೆ ಕೈಯ ಬಲವೂ ಕಡಿಮೆ. ಎದೆ ಅಥವಾ ಸೊಂಟದ ಮಟ್ಟದಲ್ಲಿ ಪೆಟ್ಟಾದವರಿಗೆ ಕೈ ಗಟ್ಟಿಯಾಗಿರುತ್ತದೆ. ಒಬ್ಬರಿಗೆ ಹೊಂದುವ ಬಚ್ಚಲು ಇನ್ನೊಬ್ಬರಿಗೆ ಹೊಂದದು.

1. ಜಗಲಿಯ ಇಳಿಜಾರು. ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ ಬೇಕು. ಎರಡು ಮೆಟ್ಟಿಲು ಸೇರಿ 13 ಇಂಚು ಎತ್ತರವಿದ್ದರೆ 13 ಅಡಿ ಇಳಿಜಾರು. ಕೇಳಿದ ತಕ್ಷಣ ಗಾರೆಯವರು ನಗುತ್ತಾರೆ, “ನಾಲ್ಕಡಿ ಸಾಕು ಬಿಡಿ” ಅನ್ನುತ್ತಾರೆ. ಬೈಕ್ ಹತ್ತಿಸಲು ನಾಲ್ಕಡಿ ಸಾಕು, ಕೈಯಿಂದ ಗಾಲಿ ತಳ್ಳುವವರಿಗೆ ಸಾಲದು. ಭುಜದ ಬಲದಿಂದ ಪೂರ್ತಿ ದೇಹವನ್ನೂ ಕುರ್ಚಿಯನ್ನೂ ಮೇಲೇರಿಸಬೇಕಲ್ಲ? ಮಲೆನಾಡಿನ ಎರಡಡಿ ಎತ್ತರದ ಜಗಲಿಗೆ 24 ಅಡಿ ಬೇಕಾಗುತ್ತದೆ. ಅಂಗಳದಲ್ಲಿ ಅಷ್ಟು ನೇರ ಜಾಗ ಇರದಿದ್ದರೆ ಗೋಡೆಯ ಪಕ್ಕದಲ್ಲಿ ತಿರುವು ಕೊಟ್ಟು ಕಟ್ಟಿಸಿ. ತಿರುವಿನಲ್ಲಿ ಐದಡಿ ಚೌಕದ ಸಮತಟ್ಟು ಇರಲೇಬೇಕು. ಇಳಿಜಾರಿನ ಅಗಲ ಮೂರರಿಂದ ನಾಲ್ಕು ಅಡಿ, ಎರಡೂ ಅಂಚಿಗೆ ಎರಡಿಂಚಿನ ದಂಡೆ. ಸಿಮೆಂಟು ಹಸಿಯಿರುವಾಗಲೇ ಅಡ್ಡಡ್ಡಲಾಗಿ ಪೊರಕೆಯಿಂದ ಗೀರೆಳೆಸಿ. ನುಣುಪು ಮಾಡಿದರೆ ಮಳೆಗಾಲದಲ್ಲಿ ಪಾಚಿ ಕಟ್ಟಿ ಅಪಾಯದ ಜಾಗವಾಗುತ್ತದೆ.

ಜಾಗ ಇಲ್ಲವೇ ಇಲ್ಲ, ಇಳಿಜಾರು ಕಡಿದಾಗಲೇಬೇಕು ಎಂದಾದರೆ ಅದನ್ನು ಒಬ್ಬರೇ ಬಳಸುವಂತಿಲ್ಲ. ಇಳಿಸುವಾಗ ಕುರ್ಚಿಯ ಬೆನ್ನು ಇಳಿಜಾರಿನ ಕೆಳಗಡೆಗಿರಲಿ. ಸಹಾಯಕರು ಕೆಳಗೆ ನಿಂತು ಹಿಮ್ಮುಖವಾಗಿ ಇಳಿಯಲಿ. ಮುಂದಕ್ಕೆ ಇಳಿಸಿದರೆ ಕೂತವರು ಜಾರಿ ಮುಗ್ಗರಿಸುತ್ತಾರೆ.

2. ಹೊಸ್ತಿಲು. ಇದು ಗಾರೆಯ ಪ್ರಶ್ನೆಯಷ್ಟೇ ಅಲ್ಲ. ಶುಕ್ರವಾರ ಅರಿಶಿನ ಕುಂಕುಮ ಹಚ್ಚುವ ಹೊಸ್ತಿಲನ್ನು ಕೀಳುವುದೆಂದರೆ ಅಜ್ಜಿಗೆ ಒಪ್ಪಿಗೆಯಾಗುವುದಿಲ್ಲ. ಕೀಳಬೇಕಾಗಿಯೂ ಇಲ್ಲ. ಒಳಗೂ ಹೊರಗೂ ಮರದ ಓರೆ ಹಲಗೆ ಇಟ್ಟು ಕೂರಿಸಿದರೆ ಕುರ್ಚಿ ದಾಟುತ್ತದೆ, ಹಬ್ಬದ ದಿನ ಹಲಗೆ ತೆಗೆದಿಟ್ಟು ಪೂಜೆ ಮಾಡಬಹುದು. ಒಳಕೋಣೆಗಳ ಹೊಸ್ತಿಲನ್ನು ಮಾತ್ರ ಸಮ ಮಾಡಿಸುವುದೇ ಒಳ್ಳೆಯದು.

3. ಬಾಗಿಲು. ಕುರ್ಚಿಯ ಅಗಲ ಸಾಮಾನ್ಯವಾಗಿ 24ರಿಂದ 26 ಇಂಚು. ಗಾಲಿ ತಳ್ಳುವ ಬೆರಳ ಗೆಣ್ಣುಗಳಿಗೆ ಎರಡೂ ಕಡೆ ಜಾಗ ಬೇಕು. ಹಾಗಾಗಿ ತೆರೆದ ಬಾಗಿಲಲ್ಲಿ ಕನಿಷ್ಠ 32 ಇಂಚು ಖಾಲಿ ಸಿಗಬೇಕು, 36 ಇದ್ದರೆ ನಿರಾಳ. ಬಚ್ಚಲಿಗೆ ನಾವು ಇಡುವುದು ಎರಡೂವರೆ ಅಡಿಯ ಚೌಕಟ್ಟು. ಅದರಲ್ಲಿ ಮರದ ದಪ್ಪ, ಬಾಗಿಲಿನ ದಪ್ಪ ಕಳೆಯಬೇಕು. ಚೌಕಟ್ಟು ಬದಲಿಸುವವರೆಗೆ ಬಾಗಿಲನ್ನೇ ಕಳಚಿ ದಪ್ಪ ಪರದೆ ಹಾಕಿದರೆ ಒಂದೂವರೆ ಇಂಚು ಉಳಿಯುತ್ತದೆ. ಬಾಗಿಲು ಉಳಿಸಿಕೊಳ್ಳುವುದಾದರೆ ಹೊರಕ್ಕೆ ತೆರೆಯುವಂತೆ ತಿರುಗಿಸಿ. ಒಳಕ್ಕೆ ತೆರೆಯುವ ಬಾಗಿಲಿದ್ದು ಒಳಗೆ ಬಿದ್ದರೆ ಅವರ ದೇಹವೇ ಬಾಗಿಲಿಗೆ ಅಡ್ಡ, ಸಹಾಯಕ್ಕೆ ಯಾರೂ ಒಳಹೋಗಲಾಗದು.

4. ಮಂಚ. ಮೆತ್ತೆ ಸಮೇತ ಕುರ್ಚಿಯ ಸೀಟು ಎಷ್ಟು ಎತ್ತರವಿದೆಯೋ ಹಾಸಿಗೆ ಸಮೇತ ಮಂಚವೂ ಅಷ್ಟೇ ಎತ್ತರಕ್ಕಿರಲಿ, ಸುಮಾರು 19ರಿಂದ 21 ಇಂಚು. ಮಟ್ಟ ಒಂದೇ ಇದ್ದರೆ ಎರಡರ ನಡುವೆ ಇಟ್ಟ ಜಾರು ಹಲಗೆಯ ಮೇಲೆ ಕುಂಡೆ ಸರಿಸಿಕೊಂಡು ಒಬ್ಬರೇ ದಾಟಬಹುದು. ಎರಡಿಂಚು ಏರು ಇದ್ದರೂ ಪ್ರತಿ ಸಲ ಭುಜದ ಮೇಲೆ ಭಾರ. ಕಾಲಿನ ಕೆಲಸವನ್ನೆಲ್ಲ ಇನ್ನು ಭುಜವೇ ಮಾಡಬೇಕಾದ್ದರಿಂದ ಅದನ್ನು ಕಾಪಾಡುವುದು ದೊಡ್ಡ ಆಸ್ತಿ ಕಾಪಾಡಿದಂತೆ. ತಗ್ಗಾದ ಮಂಚಕ್ಕೆ ಕಾಲು ಕೂರುವಂತೆ ಕುಳಿ ತೆಗೆದ ಮರದ ದಿಮ್ಮಿ ಕೊಡಿಸಿ. ಬಿಡಿ ಇಟ್ಟಿಗೆ ಜಾರುತ್ತದೆ. ಮಂಚದ ಕಾಲ್ದೆಸೆಗೆ ಹಳೆಯ ಹತ್ತಿ ಸೀರೆಯನ್ನು ಜಡೆ ಹೆಣೆದು, ಅಲ್ಲಲ್ಲಿ ಗಂಟು ಹಾಕಿ ಕಟ್ಟಿದರೆ ಅದನ್ನು ಹಿಡಿದು ತಾವೇ ಎದ್ದು ಕೂರಬಹುದು.

ಬಚ್ಚಲಿಗೆ ಬನ್ನಿ

ಹಣ ಕಡಿಮೆಯಿದ್ದರೆ ಇರುವುದನ್ನೆಲ್ಲ ಬಚ್ಚಲು, ಕಕ್ಕಸಿಗೇ ಹಾಕಿ. ಹಾಲಿನ ಟೈಲ್ಸು ಕಾಯಬಹುದು. ದಿನದ ಅವಮಾನ ಹುಟ್ಟುವುದೂ ಬೀಳುವುದೂ ಸುಡುವುದೂ ಹೆಚ್ಚಾಗಿ ಇಲ್ಲೇ.

ನೆಲದ ಕಕ್ಕಸನ್ನು ಒಡೆದು ಕಮೋಡ್ ಹಾಕಿಸಲೇಬೇಕೆಂದಿಲ್ಲ. ನಡುವೆ ತೂತಿರುವ, ಚಕ್ರದ ಕಮೋಡ್ ಕುರ್ಚಿಯನ್ನು ಅದರ ಮೇಲೆಯೇ ತಂದು ನಿಲ್ಲಿಸಬಹುದು. ಮಂಚದಿಂದ ಕಮೋಡ್ ಕುರ್ಚಿಗೆ, ಅದರಲ್ಲೇ ಕಕ್ಕಸು, ಅದರಲ್ಲೇ ಸ್ನಾನ, ಮತ್ತೆ ಮಂಚ. ಹೀಗೆ ಮಾಡಿದರೆ ಇಳಿಸಿ ಹತ್ತಿಸುವ ಕೆಲಸ ಅರ್ಧಕ್ಕರ್ಧ ಉಳಿಯುತ್ತದೆ. ಆದರೆ ಒಂದು ಎಚ್ಚರಿಕೆ. ಪ್ಲಾಸ್ಟಿಕ್ ಕುರ್ಚಿಯ ನಡುವೆ ಬಿಸಿ ಕಬ್ಬಿಣದಿಂದ ತೂತು ಕೊರೆದು ಬಳಸುವವರಿದ್ದಾರೆ. ಆ ತೂತಿನ ಅಂಚು ಸ್ಪರ್ಶವಿಲ್ಲದ ಚರ್ಮವನ್ನು ಕೊಯ್ಯುತ್ತದೆ, ಅವರಿಗೆ ಗೊತ್ತೇ ಆಗುವುದಿಲ್ಲ. ಒದ್ದೆ ನೆಲದಲ್ಲಿ ಅದರ ಕಾಲು ಅಗಲಿ ಕುರ್ಚಿ ಕುಸಿಯುವುದೂ ಉಂಟು. ವೆಲ್ಡಿಂಗ್ ಅಂಗಡಿಯಲ್ಲಿ ಗಟ್ಟಿ ಪೈಪಿನ ಚೌಕಟ್ಟು ಮಾಡಿಸಿ, ಸೀಟಿಗೆ ದಪ್ಪ ಸ್ಪಂಜು, ಅದರ ಮೇಲೆ ರೆಕ್ಸಿನ್ ಹೊಲಿಸಿ. ಹಾಗೆಂದು ಅದರ ಮೇಲೆ ಒಂದು ಗಂಟೆ ಕೂರಿಸಿಬಿಡಬೇಡಿ.

ಗೋಡೆಯ ಹಿಡಿಕಂಬಿ ಟವೆಲ್ ಕಂಬಿಯಲ್ಲ. ಒಂದೂಕಾಲರಿಂದ ಒಂದೂವರೆ ಇಂಚು ದಪ್ಪದ ಸ್ಟೀಲ್ ಪೈಪು, ಗೋಡೆಯಿಂದ ಎರಡಿಂಚು ದೂರ, ಕೂರುವ ಸೀಟಿಗಿಂತ ಎಂಟೊಂಬತ್ತು ಇಂಚು ಮೇಲೆ. ಟೊಳ್ಳು ಸಿಮೆಂಟ್ ಇಟ್ಟಿಗೆಯ ಗೋಡೆಯಾದರೆ ಬರೀ ತಿರುಪು ನಿಲ್ಲುವುದಿಲ್ಲ. ಆ ಜಾಗದಲ್ಲಿ ಗೋಡೆಯನ್ನು ಕಾಂಕ್ರೀಟಿನಿಂದ ತುಂಬಿಸಿ ಕೂರಿಸಬೇಕು. ಕೂರಿಸಿದ ಮೇಲೆ ಮನೆಯಲ್ಲಿ ಹೆಚ್ಚು ತೂಕದವರು ಅದಕ್ಕೆ ಜೋತುಬಿದ್ದು ಪರೀಕ್ಷಿಸಲಿ.

ಇನ್ನು ಬಿಸಿನೀರು. ಕೆಳಗಿನ ಭಾಗಕ್ಕೆ ಬಿಸಿ ತಿಳಿಯದು, ಹಾಗಾಗಿ ಹಂಡೆಯ ನೀರು ನೇರ ಕಾಲಿಗೆ ಬಿದ್ದರೆ ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು. ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಬೆರೆಸಿದ ನೀರನ್ನು ಸ್ಪರ್ಶವಿರುವ ಮೊಣಕೈಯಿಂದ ನೋಡಿ. ಗೀಸರನ್ನು 50 ಡಿಗ್ರಿಗಿಂತ ಮೇಲಿಡಬೇಡಿ. ಬಿಸಿಲು ಚೆನ್ನಾಗಿ ಬಿದ್ದ ಮಧ್ಯಾಹ್ನ ಸೋಲಾರ್ ನಲ್ಲಿಯ ನೀರು ಇದಕ್ಕಿಂತ ಬಿಸಿಯಾಗಿರುತ್ತದೆ. ಬಚ್ಚಲ ಒಲೆಯ ಪಕ್ಕ, ಸೊಳ್ಳೆಬತ್ತಿಯ ಪಕ್ಕ ಕಾಲು ಚಾಚುವುದು, ತೊಡೆಯ ಮೇಲೆ ಬಿಸಿ ಸಾರಿನ ತಟ್ಟೆ ಅಥವಾ ಲ್ಯಾಪ್‌ಟಾಪ್ ಇಟ್ಟುಕೊಳ್ಳುವುದು, ಇವೆಲ್ಲ ಸುಟ್ಟಗಾಯ ಮಾಡಿದ ಉದಾಹರಣೆಗಳೇ. ರಾತ್ರಿ ಸೊಳ್ಳೆಪರದೆಯನ್ನು ಹಾಸಿಗೆಯಡಿ ಸುತ್ತ ಸಿಕ್ಕಿಸಿ. ಇಲಿ ಕಚ್ಚಿದರೂ ಎಚ್ಚರವಾಗದ ಪಾದಗಳಿವು.

ಅಡುಗೆಮನೆಯ ವಿಷಯ ಚಿಕ್ಕದು. ಕಟ್ಟೆಯ ಒಂದು ಭಾಗವನ್ನು 30 ಇಂಚಿಗೆ ತಗ್ಗಿಸಿ, ಕೆಳಗೆ ಮೊಣಕಾಲು ಹೋಗುವಷ್ಟು ಜಾಗ ಖಾಲಿ ಬಿಟ್ಟರೆ ತರಕಾರಿ ಹೆಚ್ಚುವುದರಿಂದ ಒಗ್ಗರಣೆಯವರೆಗೆ ಆಗುತ್ತದೆ. ಸ್ವಿಚ್ಚುಗಳು ಮೂರರಿಂದ ನಾಲ್ಕು ಅಡಿ ಎತ್ತರದಲ್ಲಿರಲಿ.

ಬಿಗಿದ ದೇಹ ಸಡಿಲವಾಗುವುದು ಹೇಗೆ?

ಪೆಟ್ಟಾದ ಜಾಗದ ಕೆಳಗೆ ಮಿದುಳಿನ ಹಿಡಿತ ತಪ್ಪಿದರೂ ಹುರಿಯ ಉಳಿದ ಭಾಗ ಸತ್ತಿರುವುದಿಲ್ಲ. ಚಾದರ ಎಳೆದರೂ ಸಾಕು, ಮೂತ್ರಕೋಶ ತುಂಬಿದರೂ ಸಾಕು, ಕಾಲು ತಾನೇ ಜಗ್ಗುತ್ತದೆ, ಸೆಟೆದುಕೊಳ್ಳುತ್ತದೆ. ಮನೆಯವರು ಇದನ್ನು ನೋಡಿ “ಕಾಲಿಗೆ ಜೀವ ಬಂತು” ಎಂದು ದೇವರಿಗೆ ಹರಕೆ ಹೊರುತ್ತಾರೆ. ಬೇಕೆಂದಾಗ ಆಡಿಸಿ ಬೇಡವೆಂದಾಗ ನಿಲ್ಲಿಸಲು ಬಂದರೆ ಮಾತ್ರ ಅದು ಚೇತರಿಕೆ. ತಾನಾಗಿ ಜಗ್ಗುವುದು ಸೆಟೆತ.

ಭಯ, ಅವಸರ, ನೋವು ಸೆಟೆತವನ್ನು ಹೆಚ್ಚಿಸುತ್ತವೆ. ಮನಸ್ಸು ಬಿಗಿಯಾದಾಗ ಎದೆಬಡಿತ ಏರಿಸುವ ನರಗಳು ಬೆನ್ನುಹುರಿಯ ಮೂಲಕವೇ ಹೊರಡುತ್ತವೆ. ಆದರೆ ಎದೆಬಡಿತ ಇಳಿಸಿ ದೇಹವನ್ನು ಶಾಂತಗೊಳಿಸುವ ವೇಗಸ್ ನರ ಮಿದುಳಿನ ಬುಡದಿಂದ ನೇರವಾಗಿ ಹೃದಯ, ಶ್ವಾಸಕೋಶಗಳಿಗೆ ಇಳಿಯುತ್ತದೆ. ಅದಕ್ಕೆ ಬೆನ್ನುಹುರಿಯ ಹಂಗಿಲ್ಲ. ಕತ್ತಿನ ಹತ್ತಿರವೇ ಪೆಟ್ಟಾದವರಲ್ಲೂ ಆ ದಾರಿ ತೆರೆದೇ ಇರುತ್ತದೆ. ನಿಧಾನವಾಗಿ ಉಸಿರು ಬಿಡುವಾಗ ಈ ನರ ಹೆಚ್ಚು ಕೆಲಸ ಮಾಡುತ್ತದೆ. ಕೆಳಗಿನ ಅಭ್ಯಾಸಗಳಲ್ಲಿ ಉಸಿರು ಬಿಡುವುದಕ್ಕೆ ಹೆಚ್ಚು ಹೊತ್ತು ಕೊಟ್ಟಿರುವುದು ಇದಕ್ಕೇ.

ಶುರು ಮಾಡುವ ಮುಂಚೆ ಮೂತ್ರ ಖಾಲಿ ಮಾಡಿಕೊಳ್ಳಿ, ಕ್ಯಾತಿಟರ್ ಪೈಪು ಮಡಚಿಕೊಂಡಿಲ್ಲ ಎಂದು ನೋಡಿ. ಊಟವಾಗಿ ಒಂದೂವರೆ ಗಂಟೆಯಾದರೂ ಆಗಿರಲಿ. ಕತ್ತಿನ ಮಟ್ಟದ ಪೆಟ್ಟಿನವರಿಗೆ ಕೂತಾಗಿನದಕ್ಕಿಂತ ಮಲಗಿದಾಗ ಉಸಿರಾಟ ಸುಲಭ. ಉಸಿರೆಳೆಯುವ ಸ್ನಾಯುವಾದ ವಪೆಯನ್ನು ಆಡಿಸುವ ನರ ಕತ್ತಿನ ಮೂರರಿಂದ ಐದನೇ ಮಟ್ಟದಿಂದ ಬರುತ್ತದೆ, ಹೊಟ್ಟೆಯ ಸ್ನಾಯುಗಳಿಗೆ ಬಲವಿರುವುದಿಲ್ಲ. ಕೂತಾಗ ಹೊಟ್ಟೆ ಮುಂದಕ್ಕೆ ಜೋತು ವಪೆ ಕೆಳಗಿಳಿದುಬಿಡುತ್ತದೆ, ಎಳೆಯಲು ಜಾಗ ಉಳಿಯದು. ಅಂಥವರು ಮಲಗಿಯೇ ಮಾಡಲಿ. ಅಂಗಾತ ಮಲಗಿ, ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಇರಿಸಿ.

1. ಉದ್ದನೆ ಉಸಿರು. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಒಳಕ್ಕೆ, ಆರು ಎಣಿಸುವಷ್ಟು ಹೊತ್ತು ಹೊರಕ್ಕೆ. ನಡುವೆ ತಡೆದು ಹಿಡಿಯಬೇಡಿ. ನಾಲ್ಕು, ಆರು ಕಷ್ಟವಾದರೆ ಮೂರು, ನಾಲ್ಕು ಸಾಕು. ಐದು ನಿಮಿಷ.

2. ಭ್ರಾಮರಿ. ಬಾಯಿ ಮುಚ್ಚಿ, ಬಿಡುವ ಉಸಿರಿನಲ್ಲಿ ದುಂಬಿಯ ಹಾಗೆ ಮೆಲ್ಲನೆ ಗುಂಯ್‌ಗುಡಿ. ಕಿವಿಗೆ ಬೆರಳಿಡಲು ಕೈ ಏಳದಿದ್ದರೆ ಬೇಡ, ಅದರಿಂದ ನಷ್ಟವಿಲ್ಲ. ಎಣಿಕೆ ಬೇಸರ ತರಿಸುವವರಿಗೆ ಇದು ಸುಲಭ, ಏಕೆಂದರೆ ಗುಂಯ್‌ಗುಡುವಾಗ ಉಸಿರು ತಾನಾಗಿಯೇ ಉದ್ದವಾಗುತ್ತದೆ.

3. ಬಿಗಿದು ಬಿಡುವುದು. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 1929ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಪದ್ಧತಿ ಇದು. ಸ್ನಾಯುವನ್ನು ಬೇಕೆಂದೇ ಬಿಗಿದು ಬಿಟ್ಟರೆ ಬಿಗಿಗೂ ಸಡಿಲಕ್ಕೂ ಇರುವ ವ್ಯತ್ಯಾಸ ಗೊತ್ತಾಗುತ್ತದೆ ಎಂಬುದು ಅದರ ತಿರುಳು. ಸಾಮಾನ್ಯವಾಗಿ ಪಾದದಿಂದ ಶುರು ಮಾಡಲು ಹೇಳುತ್ತಾರೆ. ನಿಮಗೆ ಅದು ಹೊಂದದು. ನಿಮ್ಮ ಮಾತು ಕೇಳುವ ಸ್ನಾಯುಗಳಿಂದ ಮಾತ್ರ ಮಾಡಿ. ಹಣೆ ಸುಕ್ಕುಗಟ್ಟಿಸಿ ಐದು ಸೆಕೆಂಡು, ಬಿಟ್ಟು ಹದಿನೈದು ಸೆಕೆಂಡು. ಕಣ್ಣು, ದವಡೆ, ಭುಜ ಕಿವಿಯ ಕಡೆಗೆ, ಮುಷ್ಟಿ, ಹೀಗೆ ಮುಂದುವರಿಯಿರಿ. ಅರ್ಧ ಬಲದಿಂದ ಬಿಗಿದರೆ ಸಾಕು. ಭುಜ ನೋಯುತ್ತಿದ್ದರೆ ಆ ಹಂತ ಬಿಟ್ಟುಬಿಡಿ.

4. ಗಮನ ಹರಿಸುವುದು. ಯೋಗನಿದ್ರೆಯ ಧ್ವನಿಮುದ್ರಿಕೆಗಳು ಬಲಗಾಲು, ಎಡಗಾಲು ಎಂದು ಒಂದೊಂದೇ ಅಂಗಕ್ಕೆ ಮನಸ್ಸನ್ನು ಕಳಿಸುತ್ತವೆ. ಸ್ಪರ್ಶವಿಲ್ಲದ ಕಾಲಿಗೆ ಮನಸ್ಸು ಕಳಿಸಿದಾಗ ಕೆಲವರಿಗೆ ಹಿತವೆನಿಸುತ್ತದೆ, ಇನ್ನು ಕೆಲವರಿಗೆ ದುಃಖ ಉಕ್ಕುತ್ತದೆ. ನರದ ಉರಿನೋವು ಇರುವವರಿಗೆ ಉರಿ ಜಾಸ್ತಿಯಾಗಬಹುದು. ಅಂಥವರು ಮುಖ, ತುಟಿ, ಅಂಗೈಗಳ ಬಿಸುಪಿನಲ್ಲೇ ಗಮನ ನಿಲ್ಲಿಸಲಿ. ಇಲ್ಲವೇ ಹೊರಗಿನ ಸದ್ದುಗಳನ್ನು ಒಂದೊಂದಾಗಿ ಕೇಳಿಸಿಕೊಳ್ಳಲಿ: ದೂರದ ಬಸ್ಸು, ಪಕ್ಕದ ಮನೆಯ ಮಿಕ್ಸಿ, ಫ್ಯಾನು. ಗುರುಗಳು ಹೇಳಿದ ಕ್ರಮ ತಪ್ಪಿತೆಂದು ಚಿಂತಿಸುವುದು ಬೇಡ.

5. ಕುರ್ಚಿಯಲ್ಲಿ ಮುಂದಕ್ಕೆ ಬಾಗುವುದು. ನನಗೆ ಎಲ್ಲಕ್ಕಿಂತ ಉಪಯುಕ್ತವೆನಿಸುವುದು ಇದು. ಕೂತಲ್ಲೇ ಕೂತರೆ ಕುಂಡೆಯ ಮೂಳೆಯಡಿ ರಕ್ತ ಹರಿಯದೆ ಹುಣ್ಣಾಗುತ್ತದೆ, ಅದಕ್ಕೆ ಅರ್ಧ ಗಂಟೆಗೊಮ್ಮೆಯಾದರೂ ಭಾರ ಇಳಿಸಬೇಕು. ಕೈಯೂರಿ ಎರಡು ಕ್ಷಣ ಎದ್ದು ಕೂರುವುದು ಹಳೆಯ ರೂಢಿ. ಆದರೆ ಒತ್ತಿದ ಜಾಗಕ್ಕೆ ರಕ್ತ ಪೂರ್ತಿ ಮರಳಲು ಸುಮಾರು ಎರಡು ನಿಮಿಷ ಬೇಕು. ಅಷ್ಟು ಹೊತ್ತು ಕೈಯೂರಿ ನಿಂತರೆ ಭುಜ ಸವೆಯುತ್ತದೆ. ಬದಲಿಗೆ ಬ್ರೇಕ್ ಹಾಕಿ, ಮುಂದಿನ ಚಿಕ್ಕ ಗಾಲಿಗಳು ಮುಂದಕ್ಕೆ ತಿರುಗಿವೆಯೇ ನೋಡಿಕೊಂಡು, ಎದೆಯನ್ನು ತೊಡೆಯ ಕಡೆಗೆ ಬಾಗಿಸಿ. ಹೊಟ್ಟೆ, ಬೆನ್ನಿನ ಹಿಡಿತ ಇಲ್ಲದವರು ಎದುರಿಗೆ ಮಂಚವನ್ನೋ ಮೇಜನ್ನೋ ಇಟ್ಟುಕೊಂಡು ಅದರ ಮೇಲೆ ತೋಳೂರಿ ಬಾಗಲಿ. ಅಲ್ಲೇ ನಾಲ್ಕು ಒಳಕ್ಕೆ, ಆರು ಹೊರಕ್ಕೆ ಎಂಬ ಉಸಿರು ಹನ್ನೆರಡು ಸಲ. ಒಂದು ಉಸಿರಿಗೆ ಹತ್ತು ಸೆಕೆಂಡಿನಂತೆ ಸರಿಯಾಗಿ ಎರಡು ನಿಮಿಷ. ಗಡಿಯಾರ ನೋಡಬೇಕಿಲ್ಲ. ಹುಣ್ಣು ತಡೆಯುವ ಕೆಲಸವೂ ಆಯಿತು, ಮನಸ್ಸಿಗೆ ಬಿಡುವೂ ಆಯಿತು.

6. ರಾತ್ರಿಯ ಎಳೆತ. ಮಲಗುವ ಮುಂಚೆ ಸಹಾಯಕರು ಕಾಲುಗಳನ್ನು ನಿಧಾನವಾಗಿ ಎಳೆದು ಹಿಡಿದರೆ ರಾತ್ರಿಯ ಸೆಟೆತ ಕಡಿಮೆಯಾಗುತ್ತದೆ. ಥಟ್ಟನೆ ಎಳೆದರೆ ಸ್ನಾಯು ತಿರುಗಿ ಬಿಗಿದುಕೊಳ್ಳುತ್ತದೆ, ನಿಧಾನಕ್ಕೆ ಎಳೆದರೆ ಸೋಲುತ್ತದೆ. ಬೆರಳ ತುದಿಯಿಂದ ಒತ್ತದೆ ಇಡೀ ಅಂಗೈಯಿಂದ ಹಿಡಿಯಿರಿ. ಹಿಮ್ಮಡಿ ಹಿಡಿದು ಪಾದವನ್ನು ಮೊಣಕಾಲಿನ ಕಡೆಗೆ, ಆಮೇಲೆ ಮಂಡಿ ನೇರವಿಟ್ಟು ಕಾಲನ್ನು ಮೇಲಕ್ಕೆ, ಆಮೇಲೆ ತೊಡೆಯನ್ನು ಹೊರಕ್ಕೆ. ಪ್ರತಿಯೊಂದರಲ್ಲೂ 30 ಸೆಕೆಂಡು ನಿಲ್ಲಿಸಿ. ವೈದ್ಯರು ಒಪ್ಪಿದರೆ ಹೊಟ್ಟೆಯಡಿಯಾಗಿ ಸ್ವಲ್ಪ ಹೊತ್ತು ಮಲಗುವುದು ಇನ್ನೂ ಒಳ್ಳೆಯದು: ಸೊಂಟದ ಮುಂಭಾಗದ ಸ್ನಾಯು ಎಳೆಯುತ್ತದೆ, ಬೆನ್ನ ಹಿಂದಿನ ಚರ್ಮಕ್ಕೂ ಗಾಳಿ.

ಎಷ್ಟು ದಿನ ಮಾಡಬೇಕು ಎಂದು ಕೇಳುತ್ತೀರಿ. ಹಲ್ಲುಜ್ಜುವಷ್ಟು ದಿನ. ಆದರೆ ಎಲ್ಲವನ್ನೂ ದಿನಾ ಮಾಡಲೇಬೇಕೆಂದಿಲ್ಲ. ಐದನೆಯದೂ ಆರನೆಯದೂ ತಪ್ಪಬಾರದು, ಉಳಿದವುಗಳಲ್ಲಿ ಹಿತವೆನಿಸಿದ್ದು ಒಂದಿದ್ದರೆ ಸಾಕು.

ಇದನ್ನು ಗೋಡೆಗೆ ಅಂಟಿಸಿಕೊಳ್ಳಿ

ಎದೆಯ ಆರನೇ ಮಟ್ಟ, ಅಂದರೆ ವೈದ್ಯರ ಚೀಟಿಯಲ್ಲಿ ಟಿ-6 ಎಂದಿರುವುದು ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಒಮ್ಮೊಮ್ಮೆ ರಕ್ತದೊತ್ತಡ ದಿಢೀರನೆ ಏರುತ್ತದೆ. ತಲೆ ಸಿಡಿಯುವಂಥ ನೋವು, ಮುಖ ಕೆಂಪಾಗುವುದು, ಪೆಟ್ಟಿನ ಮೇಲ್ಭಾಗದಲ್ಲಿ ಬೆವರು, ಮೈ ರೋಮಾಂಚನ ಇದರ ಗುರುತು. ಕೆಳಗೆಲ್ಲೋ ತೊಂದರೆಯಾಗಿದೆ, ದೇಹಕ್ಕೆ ಅದನ್ನು ಹೇಳಲು ಬೇರೆ ದಾರಿಯಿಲ್ಲ. ಮೂತ್ರಕೋಶ ತುಂಬಿರುವುದೇ ಸಾಮಾನ್ಯ ಕಾರಣ. ಮಲಬದ್ಧತೆ, ಹುಣ್ಣು, ಬಿಗಿ ಬಟ್ಟೆ, ಒಳಕ್ಕೆ ಬೆಳೆದ ಕಾಲುಗುರೂ ಆಗಬಹುದು.

ತಲೆನೋವೆಂದು ಮಲಗಿಸುವುದು ಎಲ್ಲರೂ ಮಾಡುವ ಕೆಲಸ. ಇಲ್ಲಿ ಅದೇ ಅಪಾಯ. ತಕ್ಷಣ ಎಬ್ಬಿಸಿ ಕೂರಿಸಿ, ಕಾಲು ಇಳಿಬಿಡಿ, ಪಂಚೆ, ಬೆಲ್ಟು, ಕಾಲುಚೀಲ ಎಲ್ಲ ಸಡಿಲಿಸಿ. ಕ್ಯಾತಿಟರ್ ಮಡಚಿದೆಯೇ, ಕಟ್ಟಿದೆಯೇ ನೋಡಿ. ಕ್ಯಾತಿಟರ್ ಇಲ್ಲದವರ ಮೂತ್ರ ಖಾಲಿ ಮಾಡಿಸಿ. ಕೆಲವೇ ನಿಮಿಷದಲ್ಲಿ ಇಳಿಯದಿದ್ದರೆ ಕೂರಿಸಿಕೊಂಡೇ ಆಸ್ಪತ್ರೆಗೆ ಒಯ್ಯಿರಿ. ಇವರ ಸಹಜ ರಕ್ತದೊತ್ತಡವೇ ಮೇಲಿನ ಅಂಕಿ 90ರಿಂದ 110ರ ಆಸುಪಾಸು ಇರುತ್ತದೆ. ಹಾಗಾಗಿ 140 ಕಂಡು “ನಾರ್ಮಲ್ ಇದೆ” ಎನ್ನುವ ನರ್ಸಿಗೆ ಈ ಮಾತನ್ನು ನೀವೇ ಹೇಳಬೇಕಾಗಿ ಬರಬಹುದು. ಧ್ಯಾನ, ಉಸಿರಾಟದ ನಡುವೆ ಇಂಥ ತಲೆನೋವು ಬಂದರೆ ಅದು ಮನಸ್ಸಿನ ಒತ್ತಡವೆಂದು ಮುಂದುವರಿಸಬೇಡಿ. ಕಪಾಲಭಾತಿ, ಭಸ್ತ್ರಿಕಾ, ಕುಂಭಕಗಳನ್ನು ಈ ಮಟ್ಟದ ಪೆಟ್ಟಿನವರು ವೈದ್ಯರನ್ನು ಕೇಳದೆ ಮಾಡಲೇಬಾರದು.

ಇದೇ ಗುಂಪಿನವರಿಗೆ ಕೆಳಮೈ ಬೆವರುವುದಿಲ್ಲ. ರಾಯಚೂರು, ಬಳ್ಳಾರಿಯ ಏಪ್ರಿಲ್‌ನಲ್ಲಿ ಫ್ಯಾನಿನ ಜೊತೆ ಒದ್ದೆ ಬಟ್ಟೆ, ನೀರು ಸಿಂಪಡಿಸುವ ಬಾಟಲಿ ಕೈಗೆ ಸಿಗುವಂತಿರಲಿ.

ಪ್ರೀತಿಯಿಂದಲೇ ಆಗುವ ತಪ್ಪುಗಳು

ಕೆಂಪಾದ ಚರ್ಮಕ್ಕೆ ಎಣ್ಣೆ ಹಚ್ಚಿ ತಿಕ್ಕುವುದು. ಒತ್ತಿ ಬಿಟ್ಟರೂ ಬಿಳಿಚದ, ಭಾರ ತೆಗೆದು ಅರ್ಧ ಗಂಟೆಯಾದರೂ ಮಾಯದ ಕೆಂಪು ಹುಣ್ಣಿನ ಮೊದಲ ಹಂತ. ತಿಕ್ಕಿದರೆ ಒಳಗಿನ ಪದರ ಹರಿಯುತ್ತದೆ. ಆ ಜಾಗದ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದೊಂದೇ ಮದ್ದು. ದಿನಕ್ಕೆರಡು ಸಲ ಕನ್ನಡಿ ಹಿಡಿದು ಟೊಂಕ, ಕುಂಡೆ, ಹಿಮ್ಮಡಿ ನೋಡಿಕೊಳ್ಳುವ ಅಭ್ಯಾಸ ಅವರಿಗೇ ಆಗಲಿ.

ಗಾಳಿ ತುಂಬಿದ ರಿಂಗ್ ಮೇಲೆ ಕೂರಿಸುವುದು. ನಡುವಿನ ಜಾಗಕ್ಕೆ ಹಿತವೆಂದು ತೋರುತ್ತದೆ, ಆದರೆ ಸುತ್ತಲಿನ ಒತ್ತಡದಿಂದ ಅಲ್ಲಿಗೆ ರಕ್ತವೇ ಬರುವುದಿಲ್ಲ. ಏರ್‌ಬೆಡ್ ತಂದ ಮೇಲೆ ಮಗ್ಗುಲು ಬದಲಿಸುವುದನ್ನು ಬಿಟ್ಟುಬಿಡುವುದೂ ಇದೇ ಸಾಲಿನದು. ಕರೆಂಟ್ ಹೋದರೆ ಅದು ಗಾಳಿಯಿಲ್ಲದ ಪ್ಲಾಸ್ಟಿಕ್ ಹಾಳೆಯಷ್ಟೇ.

ಕಂಕುಳಿಗೆ ಕೈಹಾಕಿ ಎತ್ತುವುದು, ಹಾಸಿಗೆಯ ಮೇಲೆ ದರದರ ಎಳೆಯುವುದು. ಮೊದಲನೆಯದರಿಂದ ಭುಜ ಕೆಡುತ್ತದೆ, ಎರಡನೆಯದರಿಂದ ಚರ್ಮ ಕೆಡುತ್ತದೆ. ಸರಿಸುವಾಗ ಕೆಳಗೆ ಮಡಚಿದ ಬೆಡ್‌ಶೀಟ್ ಹಾಸಿ ಇಬ್ಬರು ಅದನ್ನು ಎತ್ತಿ ಸರಿಸಿ.

ಮಡಚಿದ ಬೆರಳನ್ನು ನೆಟ್ಟಗೆ ಮಾಡುವುದು. ಕತ್ತಿನ ಆರನೇ ಮಟ್ಟದ ಪೆಟ್ಟಿನವರಿಗೆ ಮಣಿಕಟ್ಟು ಮೇಲೆತ್ತಲು ಬರುತ್ತದೆ, ಬೆರಳು ಮಡಚಲು ಬರುವುದಿಲ್ಲ. ಅವರ ಬೆರಳುಗಳ ಸ್ನಾಯುರಜ್ಜು ಸ್ವಲ್ಪ ಗಿಡ್ಡವಾಗಿಯೇ ಉಳಿದರೆ ಮಣಿಕಟ್ಟು ಎತ್ತಿದಾಗ ಬೆರಳು ತಾನೇ ಮುಚ್ಚಿ ಚಮಚ, ಲೋಟ, ಪೆನ್ನು ಹಿಡಿಯಬಹುದು. ಮನೆಯವರು ಕಕ್ಕುಲಾತಿಯಿಂದ ದಿನವೂ ಮಣಿಕಟ್ಟನ್ನೂ ಬೆರಳನ್ನೂ ಒಟ್ಟಿಗೆ ಹಿಂದಕ್ಕೆ ಎಳೆದೆಳೆದು ಈ ಹಿಡಿತವನ್ನೇ ಕಳೆದುಬಿಡುತ್ತಾರೆ. ಒಮ್ಮೆ ಸಡಿಲವಾದ ಮೇಲೆ ಅದನ್ನು ಮರಳಿ ಪಡೆಯುವುದು ಬಹಳ ಕಷ್ಟ. ಮಣಿಕಟ್ಟು ಹಿಂದಕ್ಕಿದ್ದರೆ ಬೆರಳು ಮಡಚಿರಲಿ, ಬೆರಳು ಬಿಡಿಸಬೇಕಾದರೆ ಮಣಿಕಟ್ಟು ಕೆಳಗಿಳಿಸಿ.

ಊದಿದ ಕಾಲನ್ನು ನೀವುವುದು. ಒಂದೇ ಕಾಲು ಊದಿಕೊಂಡು ಬಿಸಿಯಾಗಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಮೂಳೆ ಮುರಿದಿರಬಹುದು, ಕೀಲಿನ ಸುತ್ತ ಹೊಸ ಮೂಳೆ ಬೆಳೆಯುತ್ತಿರಬಹುದು. ನೋವು ತಿಳಿಯದ ಕಾಲಾದ್ದರಿಂದ ಊತವೇ ಸೂಚನೆ. ಎಳೆತ, ಮಾಲಿಶು ಎಲ್ಲ ನಿಲ್ಲಿಸಿ ಅದೇ ದಿನ ತೋರಿಸಿ. ಸೆಟೆತ ಕಾರಣವಿಲ್ಲದೆ ಏಕಾಏಕಿ ಹೆಚ್ಚಾದರೂ ಮೊದಲು ಮೂತ್ರದ ಸೋಂಕು, ಮಲಬದ್ಧತೆ, ಹುಣ್ಣು ಇವುಗಳನ್ನು ಹುಡುಕಿ. ಸೆಟೆತದ ಮಾತ್ರೆಯ ಪ್ರಮಾಣ ಏರಿಸುವುದು ಆಮೇಲಿನ ಮಾತು.

ಇನ್ನೊಂದು, ಹಾಸಿಗೆಯನ್ನು ಹಿಂದಿನ ಕೋಣೆಗೆ ಹಾಕುವುದು. ಬಂದುಹೋಗುವವರ ಕಣ್ಣು ತಪ್ಪಲಿ ಎಂದಿರಬಹುದು, ಅವರಿಗೆ ನೆಮ್ಮದಿ ಸಿಗಲಿ ಎಂದೂ ಇರಬಹುದು. ಒಮ್ಮೆ ಅವರನ್ನೇ ಕೇಳಿ. ಹೆಚ್ಚಿನವರು ಬಯಸುವುದು ಬೀದಿ ಕಾಣುವ ಕಿಟಕಿಯನ್ನು.

ಸಹಾಯ ಎಲ್ಲಿ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಬೆನ್ನುಹುರಿಯ ಪೆಟ್ಟು ಚಲನವಲನ ವೈಕಲ್ಯದಡಿ ಬರುತ್ತದೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಮಾಡಿಸಿದ ಮೇಲೆ ಪಿಂಚಣಿ, ಬಸ್ ಪಾಸು, ಸಾಧನ ಸಲಕರಣೆಗಳಿಗೆ ಅರ್ಜಿ ಹಾಕಬಹುದು. ಕೇಂದ್ರದ ಅಡಿಪ್ ಯೋಜನೆಯ ಶಿಬಿರಗಳಲ್ಲಿ ಅಲಿಮ್ಕೊ ಸಂಸ್ಥೆಯ ಗಾಲಿಕುರ್ಚಿ, ಮೋಟಾರು ತ್ರಿಚಕ್ರ ಸಿಗುತ್ತವೆ. ಕೊಡುವ ಕುರ್ಚಿ ನಿಮ್ಮ ಅಗಲಕ್ಕೆ ಸರಿಯಿದೆಯೇ ಎಂದು ಕೂತು ನೋಡಿ ಒಪ್ಪಿಕೊಳ್ಳಿ. ಅಗಲ ಕುರ್ಚಿಯಲ್ಲಿ ದೇಹ ಒಂದು ಕಡೆ ವಾಲಿ ಬೆನ್ನು ಡೊಂಕಾಗುತ್ತದೆ. ಬೆಂಗಳೂರಿನಲ್ಲಿ 1959ರಲ್ಲಿ ಎನ್.ಎಸ್. ಹೇಮಾ ಅವರು ಕಟ್ಟಿದ ಅಂಗವಿಕಲರ ಸಂಸ್ಥೆ ಎಪಿಡಿ ಬೆನ್ನುಹುರಿ ಪೆಟ್ಟಿನವರಿಗೆ ತರಬೇತಿ ನೀಡುತ್ತದೆ; ನಿಮ್ಹಾನ್ಸ್‌ನಲ್ಲಿ ನರರೋಗ ಪುನರ್ವಸತಿ ವಿಭಾಗವಿದೆ.

ಹಳ್ಳಿಯವರು ಮೊದಲು ಹುಡುಕಬೇಕಾದವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು. ವಿ.ಆರ್.ಡಬ್ಲ್ಯು. ಎಂದರೆ ಪಂಚಾಯಿತಿ ಕಚೇರಿಯಲ್ಲಿ ಗೊತ್ತಾಗುತ್ತದೆ. ಇವರು ಸಾಮಾನ್ಯವಾಗಿ ತಾವೇ ವಿಕಲಚೇತನರು, ಹಾಗಾಗಿ ಹೊಸ್ತಿಲ ಕಷ್ಟವನ್ನು ವಿವರಿಸಿ ಹೇಳಬೇಕಿಲ್ಲ. ಸ್ಥಳೀಯ ಸಂಸ್ಥೆಗಳ ಅನುದಾನದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗೆ ಮೀಸಲಿಡಬೇಕೆಂಬ ನಿಯಮವಿದೆ. ಆ ಹಣಕ್ಕೆ ಅರ್ಜಿ ಬರೆಯುವಾಗ “ರ‍್ಯಾಂಪ್ ಮಾಡಿಸಿಕೊಡಿ” ಎಂದಷ್ಟೇ ಬರೆಯಬೇಡಿ. ಜಗಲಿಯ ಎತ್ತರ ಇಷ್ಟು ಇಂಚು, ಬೇಕಾದ ಉದ್ದ ಇಷ್ಟು ಅಡಿ, ಅಗಲ ಇಷ್ಟು, ಬಚ್ಚಲ ಬಾಗಿಲು ಇಷ್ಟು ಎಂದು ಅಳತೆ ಸಮೇತ ಬರೆದು, ಒಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.